ಸೋಮವಾರದ ಮಳೆ

ಮಳೆ ಅಳೆಯುವ ಡಬ್ಬಿ ಊರಿನ ಅಷ್ಟೂ ಮನೆ ಬಿಟ್ಟು ನಮ್ಮ ಹಿತ್ತಲಿಗೇ ಬಂದದ್ದು ಅಲ್ಲಿ ಮರವಿಲ್ಲ ಎಂಬ ಒಂದೇ ಕಾರಣಕ್ಕೆ. ಇದ್ದೊಂದು ಬೇವಿನ ಮರ ಹಿಂದಿನ ಬೇಸಿಗೆಯ ಗಾಳಿಗೆ ಉರುಳಿತ್ತು. ಆಗ ನಾನು ಮನೆಯ ಹಿರಿಯರೊಬ್ಬರು ಹೋದಂತೆ ಮರುಗಿದ್ದೆ. ಮನೆಯ ಮೇಲೆ ಬೀಳದೆ ಬಚ್ಚಲ ಕಡೆಗೆ ಬಿತ್ತಲ್ಲ, ಅದೇ ಪುಣ್ಯ ಎಂದು ಅತ್ತೆಯವರು ದೇವರಿಗೆ ಕಾಯಿ ಒಡೆಸಿದ್ದರು. ತೆರವಾದ ಆ ಜಾಗವನ್ನು ನೋಡಿ ಜಲಾನಯನ ಯೋಜನೆಯ ಕಚೇರಿಯವರು, ಇಲ್ಲಿ ಮಳೆಗೆ ಯಾವ ಅಡ್ಡಿಯೂ ಇಲ್ಲ, ಇಲ್ಲೇ ಇಡೋಣ ಎಂದರು.

ನಮ್ಮೂರು ಬ್ಯಾಡಗಿಯಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ನಮ್ಮ ಮನೆಯವರು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತಿದ್ದರು. ಸುಗ್ಗಿಯಲ್ಲಿ ಅವರು ಸಂಜೆ ಬಂದು ಅಂಗಿ ಕಳಚಿ ಕೊಡವಿದರೆ ಮನೆಯವರೆಲ್ಲ ಸೀನುತ್ತಿದ್ದೆವು. ನನ್ನ ತವರು ಮೇಡ್ಲೇರಿ. ಹೊಳೆದಂಡೆಯ ಊರಿನವಳಿಗೆ ನೀರನ್ನು ಅಳೆದು ಬಳಸುವ ರೂಢಿ ಎಲ್ಲಿಂದ ಬರಬೇಕು? ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಕೊಡ ನೀರು ಅಂಗಳಕ್ಕೆ ಹೊಡೆದು ಅತ್ತೆಯವರಿಂದ ಬೈಸಿಕೊಂಡಿದ್ದೆ. ಕುಡಿಯುವುದಕ್ಕೆ ಇಡೀ ಊರಿಗೆ ಗುಡಿಯ ಮುಂದಿನ ಬಾವಿಯೊಂದೇ. ನಳ ಬಂದಿತ್ತು, ಆದರೆ ಅದರ ನೀರು ಬೇಳೆ ಬೇಯಿಸುತ್ತಿರಲಿಲ್ಲ.

ಎರಡು ಸಾವಿರದ ಇಸವಿಯಾದ ಮೇಲೆ ಸಾಲಾಗಿ ಮಳೆ ತಪ್ಪಿದ ವರ್ಷಗಳಿದ್ದವಲ್ಲ, ಆಗ ಆ ಬಾವಿ ಶಿವರಾತ್ರಿಗೇ ತಳ ಕಾಣಿಸತೊಡಗಿತು. ಅದಾದ ಮೇಲೆ ಯೋಜನೆ ಬಂತು. ಹೊಲಗಳಿಗೆ ಬದು ಹಾಕಿದರು, ಊರ ಕೆಳಗಿನ ಹಳ್ಳಕ್ಕೆ ಅಲ್ಲಲ್ಲಿ ಒಡ್ಡು ಕಟ್ಟಿ ಓಡುವ ನೀರನ್ನು ನಿಲ್ಲಿಸಿದರು. ಅದು ಮೊದಲ ಹಂತ. ಎರಡನೆಯದು ಬಾವಿಗೆ ನೇರ ಮೇಲಿದ್ದ ಹಳ್ಳದ ಕೆಲಸ. ಬಾವಿಯ ಸೆಲೆ ಇರುವುದೇ ಆ ಕಡೆ ಎಂದು ಊರಿನವರೆಲ್ಲರ ನಂಬಿಕೆ. ಆದರೆ ಮೊದಲ ಹಂತದಿಂದ ಏನು ಉಪಯೋಗವಾಯಿತು ಎಂಬುದನ್ನು ತೋರಿಸಿದ ಊರಿಗೆ ಮಾತ್ರ ಎರಡನೆಯದು ಎಂದು ಕಚೇರಿಯವರು ಮೊದಲೇ ಹೇಳಿದ್ದರು.

ತೋರಿಸುವ ಕೆಲಸ ಬಿದ್ದದ್ದು ಹೆಂಗಸರ ಸಂಘದ ಮೇಲೆ. ಅಂದರೆ ನನ್ನ ಮೇಲೆ ಮತ್ತು ಊರೆಲ್ಲ ವೈನಿ ಎಂದು ಕರೆಯುವ ಪಕ್ಕದ ಮನೆಯಾಕೆಯ ಮೇಲೆ. ಅಮಾವಾಸ್ಯೆಗೊಮ್ಮೆ ಬಾವಿಯ ನೀರಿನ ಮಟ್ಟ ಅಳೆಯಬೇಕು. ಅಂದು ಹೊಲದಲ್ಲಿ ಎತ್ತು ಕಟ್ಟಿ ಗಳೆ ಹೂಡುವುದಿಲ್ಲ, ಹೆಂಗಸರಿಗೂ ಒಂದಿಷ್ಟು ಪುರುಸೊತ್ತು. ತುದಿಗೆ ಕಲ್ಲು ಕಟ್ಟಿದ ಹಗ್ಗಕ್ಕೆ ಬಣ್ಣದ ಅರಿವೆಯ ಗುರುತು ಹಾಕಿಕೊಂಡು ನಾವಿಬ್ಬರೂ ಇಳಿಬಿಡುತ್ತಿದ್ದೆವು. ಮಳೆಯ ಲೆಕ್ಕ ಮಾತ್ರ ನಿತ್ಯದ್ದು. ಮುಂಜಾನೆ ಎಂಟೂವರೆಗೆ ಡಬ್ಬಿಯ ಮೇಲಿನ ಆಲಿಕೆಯನ್ನು ಎತ್ತಿ, ಒಳಗಿನ ಬಾಟಲಿಯ ನೀರನ್ನು ಗೆರೆಗಳಿದ್ದ ಗಾಜಿನ ಲೋಟಕ್ಕೆ ಸುರಿದು, ಎಷ್ಟಿದೆಯೋ ಅಷ್ಟನ್ನು ಬರೆದಿಡಬೇಕು. ತರಬೇತಿ ಕೊಟ್ಟವರು ಒಂದು ಮಾತು ಒತ್ತಿ ಹೇಳಿದ್ದರು: ಆಕಾಶ ನೋಡಿ ಅಂದಾಜಿನಲ್ಲಿ ಬರೆಯಬೇಡಿ, ಲೋಟ ತೋರಿಸಿದ್ದನ್ನೇ ಬರೆಯಿರಿ. ನನಗೆ ಅದು ದೇವರ ಮುಂದೆ ಆಣೆ ಮಾಡಿದಂತೆ ಅನ್ನಿಸಿತು. ಜ್ವರ ಬಂದ ದಿನವೂ ತಪ್ಪಿಸಲಿಲ್ಲ.

ಆ ಮೊದಲ ವರ್ಷ ಒಡ್ಡುಗಳ ಕೆಲಸ ಮುಗಿದಿರಲಿಲ್ಲ, ಬಾವಿ ಎಂದಿನಂತೆ ಶಿವರಾತ್ರಿಗೇ ತಳ ಕಂಡಿತು. ಮರುವರ್ಷ ನನಗೆ ಸೊಂಟನೋವು ಹತ್ತಿತು. ರಾಣೆಬೆನ್ನೂರಿಗೆ ಹೋಗಿ ತೋರಿಸಿಕೊಂಡು ಬಂದೆವು. ಕೊಡ ಎತ್ತಬೇಡಿ ಎಂದರು ಡಾಕ್ಟರು. ಕೊಡ ಎತ್ತದೆ ನಮ್ಮೂರಲ್ಲಿ ಯಾವ ಹೆಂಗಸಿನ ದಿನ ಸಾಗುತ್ತದೆ? ನಮ್ಮ ಮನೆಯವರು ಪೇಟೆಗೆ ಹೋಗುವ ಮುಂಚೆ ಸೈಕಲ್ಲಿನ ಮೇಲೆ ನೀರು ತಂದಿಡತೊಡಗಿದರು. ಉಳಿದದ್ದು ಸೋಮವಾರದ ನೀರು. ಅತ್ತೆಯವರು ಸೋಮವಾರ ನಸುಕಿನಲ್ಲೇ ಎದ್ದು ಈಶ್ವರನಿಗೆ ಅಭಿಷೇಕ ಮಾಡುವವರು. ಶ್ರಾವಣ ತಿಂಗಳಲ್ಲಂತೂ ದಿನವೂ. ಅದಕ್ಕೆ ಆಗಷ್ಟೇ ಸೇದಿದ ಮಡಿ ನೀರು ಬೇಕು, ಅದನ್ನು ಸ್ನಾನ ಮಾಡಿದ ಹೆಂಗಸೇ ತರಬೇಕು. ಅವರ ಬೆನ್ನು ಬಾಗಿ ಎಷ್ಟೋ ವರ್ಷವಾಗಿತ್ತು, ಹಾಗಾಗಿ ಅದು ನನ್ನ ಪಾಲಿನ ಕೆಲಸ.

ಆದರೆ ಆ ಮಳೆಗಾಲ ಶುರುವಾದದ್ದೇ ಅತ್ತೆಯವರು ಸೋಮವಾರ ನನ್ನನ್ನು ಎಬ್ಬಿಸುವುದನ್ನು ಕಡಿಮೆ ಮಾಡಿದರು. ಮಳೆ ಬಿದ್ದ ರಾತ್ರಿಯ ಮರುದಿನ, ನೀರು ಐತಿ, ನೀ ಮಲಕೋ ಎಂದುಬಿಡುವರು. ಹಿಂದಿನ ದಿನದ ನೀರಿನಲ್ಲೇ ನಡೆಸುತ್ತಾರೆ, ವಯಸ್ಸಾದಂತೆ ಮಡಿಯ ಬಿಗಿ ಸಡಿಲವಾಗಿದೆ ಎಂದುಕೊಂಡೆ. ನನ್ನ ಸೊಂಟದ ಮೇಲೆ ಈಶ್ವರನಿಗೂ ಕರುಣೆ ಬಂತು ಎಂದು ಮಗ್ಗಲು ಬದಲಿಸಿ ಇನ್ನಷ್ಟು ಹೊತ್ತು ನಿದ್ದೆ ಮಾಡಿದೆ. ಹೊದಿಕೆಯೊಳಗೆ ಮಳೆಯ ತಂಪು, ಹೊರಗೆ ಅತ್ತೆಯವರ ಗಂಟೆಯ ಸದ್ದು. ಅಂಥ ಮುಂಜಾವುಗಳನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಆ ವರ್ಷ ಬಾವಿ ನಮ್ಮನ್ನು ಕೈಬಿಡಲಿಲ್ಲ. ಶಿವರಾತ್ರಿ ಕಳೆಯಿತು, ನೀರಿತ್ತು. ಯುಗಾದಿಗೂ ಇತ್ತು. ಬೇಸಿಗೆ ಪೂರ್ತಿ ಕೊಡ ಮುಳುಗುವಷ್ಟು ಇದ್ದೇ ಇತ್ತು. ಅಮಾವಾಸ್ಯೆಗೆ ಹಗ್ಗ ಬಿಟ್ಟಾಗಲೆಲ್ಲ ವೈನಿ ಬಾವಿಗೆ ಬಗ್ಗಿ ಕೈಮುಗಿದು, ನಂತರವೇ ಗುರುತು ನೋಡುವಳು.

ಮತ್ತೊಂದು ಮಳೆಗಾಲ ಹತ್ತಿರ ಬಂದಾಗ ಎಲ್ಲ ಊರುಗಳ ಲೆಕ್ಕವನ್ನೂ ಹಾವೇರಿಯಲ್ಲಿ ಸಭೆ ಮಾಡಿ ನೋಡಿದರು. ನಾನೂ ವೈನಿಯೂ ಹೋಗಿದ್ದೆವು. ಗೋಡೆಯ ಮೇಲಿನ ಪರದೆಯಲ್ಲಿ ಗೆರೆಗಳನ್ನು ತೋರಿಸುತ್ತಾ ಒಬ್ಬ ಸಾಹೇಬರು, ಲೋಕದ ಹವಾಮಾನವೇ ಬದಲಾಗುತ್ತಿದೆ, ಮಳೆ ಬರುವ ರೀತಿ ಮೊದಲಿನಂತೆ ಉಳಿಯುವುದಿಲ್ಲ, ನಮ್ಮಂಥ ಬಡ ದೇಶಗಳ ಹಳ್ಳಿಗಳು ಅದಕ್ಕೆ ಹೇಗೆ ಹೊಂದಿಕೊಳ್ಳುತ್ತಿವೆ ಎಂಬುದನ್ನು ಬೆಂಗಳೂರು, ದಿಲ್ಲಿ, ಅದರಾಚೆಗೂ ತಿಳಿಸಬೇಕು ಎಂದರು. ನಮ್ಮ ಹಿತ್ತಲ ಡಬ್ಬಿಯ ನೀರಿನ ಸುದ್ದಿ ಅಷ್ಟು ದೂರ ಹೋಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ವೈನಿ ನನ್ನ ಕಿವಿಯಲ್ಲಿ, "ದಿಲ್ಲಿಗೆ ಹೊಂಟೈತಿ ಅಂದ್ರ ಡಬ್ಬಿ ಒಂದೀಟು ತಿಕ್ಕಿ ತೊಳಿಯವಾ" ಎಂದಳು.

ನಮ್ಮೂರಿನ ಸರದಿ ಬಂತು. ಸಾಹೇಬರು ಕೋಲಿನಿಂದ ಒಂದು ಗೆರೆ ತೋರಿಸಿದರು. ಅದು ಮಳೆ, ಹಿಂದಿನ ವರ್ಷಕ್ಕಿಂತ ಬಹಳ ಕೆಳಗಿತ್ತು. ಇನ್ನೊಂದು ಗೆರೆ ಬಾವಿ, ಅದು ಮೇಲೇರಿತ್ತು. ಹತ್ತಿರದ ಊರುಗಳಲ್ಲಿ ಮಳೆ ಹೀಗೆ ಇಳಿದಿರಲಿಲ್ಲ.

"ಮಳಿ ಕಡಿಮಿ, ನೀರು ಜಾಸ್ತಿ. ನಿಮ್ಮೂರಾಗ ಭೂಮಿ ಒಳಗಿಂದ ಮಳಿ ಬರತೈತೇನ್ರಿ?" ಎಂದರು ಸಾಹೇಬರು.

ಸಭೆಯೆಲ್ಲ ನಕ್ಕಿತು. ಸಾಹೇಬರು ಕೆಟ್ಟವರಲ್ಲ. ಕೆಲಸ ಚಲೋ ಆಗಿದೆ ಎಂದು ತೋರಿಸಿಕೊಳ್ಳಲು ಕೆಲವು ಊರಿನವರು ಮಳೆ ಕಡಿಮೆ, ನೀರು ಹೆಚ್ಚು ಎಂದು ಬರೆದುಕೊಡುವುದುಂಟು, ಆದ್ದರಿಂದ ಕೇಳಬೇಕಾಗುತ್ತದೆ ಎಂದು ಸಮಾಧಾನ ಹೇಳಿದರು. ಆ ಸಮಾಧಾನವೇ ನನಗೆ ಹೆಚ್ಚು ಚುಚ್ಚಿತು. ನಾನು ಎದ್ದು ನಿಂತೆ. ಲೋಟ ತೋರಿಸಿದ್ದನ್ನೇ ಬರೆದಿದ್ದೇನೆ ಎಂದಷ್ಟೇ ಹೇಳಿ ಕುಳಿತೆ. ಮುಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯ ಮೇಡಂ ಹಿಂದೆ ತಿರುಗಿ ನನ್ನನ್ನು ನೋಡಿದರು. ಊರೂರು ತಿರುಗಿ ಈ ಲೆಕ್ಕಗಳನ್ನು ತಾಳೆ ನೋಡುವವರು ಅವರೇ. ನಾನೇ ಬಂದು ನೋಡುತ್ತೇನೆ, ಅಲ್ಲಿಯವರೆಗೆ ಈ ಊರಿನ ಎರಡನೇ ಹಂತ ನಿಲ್ಲಲಿ ಎಂದರು. ಒಂದು ಲೆಕ್ಕ ಸುಳ್ಳಾದರೆ ಇನ್ನೊಂದನ್ನೂ ನಂಬಲಾಗುವುದಿಲ್ಲ ಎಂಬ ಮಾತನ್ನೂ ಮೆಲ್ಲಗೆ ಸೇರಿಸಿದರು.

ಹಾವೇರಿಯಿಂದ ಬರುವ ಬಸ್ಸಿನಲ್ಲಿ ವೈನಿ ಕಿಟಕಿಯ ಹೊರಗೆ ನೋಡುತ್ತಲೇ, ಮಳೆಯನ್ನು ಒಂದಿಷ್ಟು ಹೆಚ್ಚು ಬರೆದಿದ್ದರೆ ಇದೆಲ್ಲ ಎಲ್ಲಿರುತ್ತಿತ್ತು ಎಂದಳು. ದೇವರ ಮಳೆಯನ್ನು ನಾನು ಹೆಚ್ಚು ಮಾಡುವುದು ಹೇಗೆ ಎಂದೆ. ಅವಳು ನಕ್ಕಳು. ಇಳಿಯುವಾಗ ಇಬ್ಬರೂ ಗುಡಿಯ ಬಾವಿಯ ಕಡೆ ನೋಡಿದೆವು. ಮೇಲಿನ ಹಳ್ಳದ ಕೆಲಸ ತಪ್ಪಿದರೆ ಊರು ಬೈಯುವುದು ಸಂಘವನ್ನಲ್ಲ, ಡಬ್ಬಿ ನೋಡಿಕೊಂಡವಳನ್ನು. ಬೈದರೂ ಬೈಯಲಿ, ನನ್ನ ಮಾತಿಗೆ ಬೆಲೆ ಹೋಯಿತಲ್ಲ ಎಂಬುದೇ ನನ್ನ ಸಂಕಟವಾಗಿತ್ತು.

ಮನೆಯಲ್ಲಿ ಇದನ್ನೆಲ್ಲ ನಮ್ಮ ಮನೆಯವರಿಗೆ ಹೇಳುವಾಗ ಅತ್ತೆಯವರು ಒಳಗೆ ಬತ್ತಿ ಹೊಸೆಯುತ್ತಿದ್ದರು. ಏನೂ ಕೇಳಲಿಲ್ಲ. ಅವರಿಗೆ ಇದರ ತಲೆಬುಡ ತಿಳಿಯುವುದಿಲ್ಲ ಎಂದುಕೊಂಡು ನಾನೂ ಬಿಡಿಸಿ ಹೇಳಲಿಲ್ಲ.

ಮೇಡಂ ಬರುತ್ತೇನೆಂದದ್ದು ಒಂದು ಸೋಮವಾರ. ಹಿಂದಿನ ರಾತ್ರಿ ಮೃಗಶಿರದ ಮಳೆ ಒಳ್ಳೆಯದೇ ಬಿತ್ತು. ತಗಡಿನ ಮೇಲಿನ ಸದ್ದು ಕೇಳುತ್ತಾ, ನಾಳೆಯ ಲೆಕ್ಕವಾದರೂ ಅವರೆದುರಿಗೆ ದೊಡ್ಡದಾಗಿ ಬರಲಿ ಎಂದು ಬೇಡಿಕೊಂಡೆ. ಚಿಂತೆಯಿಂದ ನಸುಕಿಗೇ ಎಚ್ಚರವಾಯಿತು. ಹಿತ್ತಲ ಬಾಗಿಲು ತೆರೆದಿತ್ತು. ಹೋಗಿ ನೋಡಿದರೆ, ಅತ್ತೆಯವರು ಒದ್ದೆ ಸೀರೆಯಲ್ಲಿ ಡಬ್ಬಿಯ ಮುಂದೆ ಬಗ್ಗಿ ನಿಂತಿದ್ದಾರೆ. ಆಲಿಕೆ ಪಕ್ಕದ ಕಲ್ಲಿನ ಮೇಲಿದೆ. ಬಾಟಲಿ ಅವರ ಕೈಯಲ್ಲಿದೆ. ನೀರು ಸಣ್ಣ ಧಾರೆಯಾಗಿ ದೇವರ ತಾಮ್ರದ ತಂಬಿಗೆಗೆ ಬೀಳುತ್ತಿದೆ.

ಅವರೇ ತಿರುಗಿ ನೋಡಿ, ಯಾಕ ಎದ್ದಿ, ಇನ್ನೂ ಹೊತ್ತೈತಲ್ಲ ಎಂದರು.

"ಅತ್ತಿ, ಇದೇನು ಮಾಡಾಕತ್ತೀರಿ?"

"ನೀರು ತಗೋಳಾಕತ್ತೇನಿ. ನೆಲ ಮುಟ್ಟದ ನೀರು ಇದು. ನಳದ್ದು ಎಲ್ಲೆಲ್ಲೋ ಸುತ್ತಿ ಬರತೈತಿ. ಈಶ್ವರಗ ಇದಕ್ಕಿಂತ ಮಡಿ ನೀರು ಎಲ್ಲಿ ಸಿಗತೈತಿ ಹೇಳು."

ಎಂದಿನಿಂದ ಎಂದು ಕೇಳಿದೆ. ನಿನಗ ಡಾಕ್ಟರು ಕೊಡ ಎತ್ತಬ್ಯಾಡ ಅಂದ ಮ್ಯಾಲಿಂದ ಎಂದರು. ಮಳೆ ಬಿದ್ದ ಸೋಮವಾರಗಳೆಲ್ಲ ಹೀಗೇ ನಡೆದಿತ್ತು. ಕಳೆದ ಶ್ರಾವಣ ಪೂರ್ತಿ ನಡೆದಿತ್ತು.

"ಹಂಗಂತ ಎಲ್ಲಾ ಸುರಕೊಂಡಿಲ್ಲವಾ. ಪ್ರತಿ ಸಲ ತಳದಾಗ ಒಂದೀಟು ಬಿಟ್ಟೇನಿ. ಪಾತ್ರಿ ಬರಿದು ಮಾಡಬಾರದು."

ಆ ಒಂದೀಟು ನೀರನ್ನೇ ನಾನು ಎಂಟೂವರೆಗೆ ಭಕ್ತಿಯಿಂದ ಅಳೆದು ಬರೆದದ್ದು. ನಮ್ಮ ಕಡೆ ಅಕ್ಕಿಯ ಡಬ್ಬಿಯನ್ನಾಗಲಿ ಹಿಟ್ಟಿನ ಡಬ್ಬಿಯನ್ನಾಗಲಿ ತಳ ಕೆರೆದು ಖಾಲಿ ಮಾಡುವುದಿಲ್ಲ, ಒಂದು ಹಿಡಿಯಾದರೂ ಬಿಡುತ್ತೇವೆ. ಆ ರೂಢಿಯಿಂದಲೇ ನಾನು ಮೋಸ ಹೋದೆ. ಬಾಟಲಿ ಪೂರ್ತಿ ಖಾಲಿ ಇದ್ದಿದ್ದರೆ ಮೊದಲ ಸೋಮವಾರವೇ ಅನುಮಾನ ಬರುತ್ತಿತ್ತು. ಒಂದೆರಡು ಸಲ, ರಾತ್ರಿ ಅಷ್ಟು ಸದ್ದು ಮಾಡಿದ ಮಳೆ ಇಷ್ಟೇನಾ ಎಂದು ಅನ್ನಿಸಿದ್ದುಂಟು. ಗಾಳಿ ಜೋರಿದ್ದರೆ ಮಳೆ ಓರೆಯಾಗಿ ಡಬ್ಬಿ ತಪ್ಪಿಸಿ ಬೀಳುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಗಾಳಿಯ ಮೇಲೆ ಹಾಕಿ ಸುಮ್ಮನಾಗಿದ್ದೆ. ಶ್ರಾವಣದ್ದು ಹೇಗೂ ಜಿಟಿಜಿಟಿ ಮಳೆ.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಾಗಿದ ಬೆನ್ನಿನ ಆ ಜೀವ ನನ್ನ ನಿದ್ದೆ ಕೆಡಬಾರದೆಂದು, ಕತ್ತಲಲ್ಲಿ ಕೆಸರು ತುಳಿದುಕೊಂಡು ಬಂದು, ಒಂದು ಹನಿ ಚೆಲ್ಲದಂತೆ ಆ ಬಾಟಲಿ ಬಗ್ಗಿಸಿದ್ದನ್ನು ಕಣ್ಣಾರೆ ನೋಡಿದ್ದೆ. ಆದರೆ ಇದರಿಂದ ಏನಾಗಿದೆ ಎಂಬುದನ್ನು ಹೇಳಲೇಬೇಕಾಯಿತು. ಹಾವೇರಿಯಲ್ಲಿ ನಡೆದದ್ದು, ಮೇಲಿನ ಹಳ್ಳದ ಕೆಲಸ ನಿಂತದ್ದು, ಅವತ್ತೇ ಮೇಡಂ ಬರುವುದು ಎಲ್ಲ ಹೇಳಿದೆ. ಅತ್ತೆಯವರು ತಂಬಿಗೆಯನ್ನು ಎದೆಗೆ ಹಿಡಿದುಕೊಂಡೇ ಕೇಳಿದರು. ಆಮೇಲೆ ಒಳಗೆ ಹೋದರು. ಅವತ್ತು ಪೂಜೆ ಬಹಳ ಹೊತ್ತು ನಡೆಯಿತು.

ನಾನು ಒಲೆಯ ಮುಂದೆ ಕುಳಿತು ಲೆಕ್ಕ ಹಾಕುತ್ತಿದ್ದೆ. ಹೇಳಿದರೆ ಊರಿನ ಲೆಕ್ಕವೇ ಕೆಟ್ಟಿದೆ ಎಂದಾಗುತ್ತದೆ. ಹೇಳದಿದ್ದರೆ ಸುಳ್ಳುಗಾರರು ಎಂದಾಗುತ್ತದೆ. ಎರಡರಲ್ಲೂ ಹಳ್ಳದ ಕೆಲಸ ಹೋಗುವುದೇ ಕಾಣುತ್ತಿತ್ತು. ರೊಟ್ಟಿ ಸುಟ್ಟು ವಾಸನೆ ಬಂದ ಮೇಲೆ ಎಚ್ಚೆತ್ತೆ.

ಮೇಡಂ ಹನ್ನೊಂದರ ಸುಮಾರಿಗೆ ಜೀಪಿನಲ್ಲಿ ಬಂದರು. ಮೊದಲು ಬಾವಿಗೆ ಹೋದರು. ತಾವೇ ತಂದ ಟೇಪನ್ನು ಇಳಿಬಿಟ್ಟು ನೋಡಿದರು, ಆಮೇಲೆ ನಮ್ಮ ಹಗ್ಗ ಬಿಡಿಸಿದರು. ಎರಡೂ ಹೊಂದಿದವು. ವೈನಿ ಆ ಹಗ್ಗವನ್ನು ಸುತ್ತುವಾಗ ಮಗುವಿನ ಬೆನ್ನು ಸವರಿದಂತೆ ಸವರಿದಳು. ಅಲ್ಲಿಂದ ನಮ್ಮ ಹಿತ್ತಲಿಗೆ ಬಂದರು. ಡಬ್ಬಿ ನೆಟ್ಟಗಿದೆಯೇ, ಸುತ್ತ ಅಡ್ಡಿಯಿದೆಯೇ, ಸೋರುತ್ತದೆಯೇ ಎಂದು ಪರೀಕ್ಷೆ ಮಾಡಿದರು. ಎಲ್ಲ ಸರಿ ಇತ್ತು. ಸರಿ ಇದ್ದಷ್ಟೂ ಅವರ ಹಣೆಯ ಗೆರೆ ಆಳವಾಯಿತು. ನಾನು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯವರು ಹಿತ್ತಲ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಅದೇ ತಂಬಿಗೆ.

"ಆ ಡಬ್ಬ್ಯಾಗಿನ ನೀರು ನಾ ತಗೊಂಡೇನ್ರಿ. ನನ್ನ ಸೊಸಿಗೆ ಇವತ್ತ ಮುಂಜಾನೆ ತನಕ ಗೊತ್ತಿದ್ದಿಲ್ಲ. ಬೈಯೂದಿದ್ರ ನನಗ ಬೈರಿ."

ಮೇಡಂ ಕಟ್ಟೆಯ ಮೇಲೆ ಕುಳಿತರು. ಅತ್ತೆಯವರನ್ನೂ ಕೂಡಿಸಿದರು. ಯಾವಾಗ, ಯಾಕೆ, ಎಷ್ಟು ಎಂದು ಒಂದೊಂದಾಗಿ ಕೇಳಿದರು. ಅತ್ತೆಯವರು ಎಲ್ಲ ಹೇಳಿದರು, ನನ್ನ ಸೊಂಟದ ನೋವನ್ನೂ ಬಿಡಲಿಲ್ಲ.

"ಅಮ್ಮಾ, ಒಂದು ನೆನಪು ಮಾಡಿಕೊಂಡು ಹೇಳ್ರಿ. ಸೋಮವಾರ ಮತ್ತ ಶ್ರಾವಣ ಬಿಟ್ಟು ಬ್ಯಾರೆ ದಿನ ಯಾವಾಗರ ತಗೊಂಡೀರೇನು? ಒಂದು ಗುರುವಾರ, ಒಂದು ಹಬ್ಬ?"

ಅತ್ತೆಯವರಿಗೆ ಅವತ್ತು ನೋವಾದದ್ದು ಆ ಒಂದೇ ಮಾತಿಗೆ. ಬಾಗಿದ ಬೆನ್ನು ಒಂದಿಷ್ಟು ನೆಟ್ಟಗಾಯಿತು.

"ದೇವರ ಕೆಲಸದಾಗ ಮನಸ್ಸಿಗೆ ಬಂದಂಗ ಮಾಡತಾರೇನ್ರಿ? ನಾ ಹಿಡದದ್ದು ಸೋಮವಾರ. ಮತ್ತ ಶ್ರಾವಣ. ಅಷ್ಟ."

ಮೇಡಂ ನಕ್ಕುಬಿಟ್ಟರು. ಆ ನಗುವಿಗೆ ನನ್ನ ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು. ಮನಸ್ಸಿಗೆ ಬಂದ ದಿನ ತೆಗೆದಿದ್ದರೆ ವರ್ಷದ ಲೆಕ್ಕವನ್ನೆಲ್ಲ ಹೊಳೆಗೆ ಹಾಕಬೇಕಾಗುತ್ತಿತ್ತು, ನಿಮ್ಮ ನೇಮ ಇಷ್ಟು ಗಟ್ಟಿ ಇದ್ದುದರಿಂದ ಉಳಿಯಿತು ಎಂದರು. ಚೀಲದಿಂದ ಪಕ್ಕದ ಊರಿನ ಡಬ್ಬಿಯ ಲೆಕ್ಕ ತೆಗೆದು, ಎರಡೂ ಊರಿನ ಸೋಮವಾರಗಳನ್ನೂ ಶ್ರಾವಣವನ್ನೂ ಪೆನ್ಸಿಲಿನಿಂದ ಹೊಡೆದು ಹಾಕಿದರು. ಉಳಿದ ದಿನಗಳನ್ನು ನಾನು ಓದುತ್ತಾ ಹೋದೆ, ಅವರು ಬೆರಳಿಟ್ಟು ತಾಳೆ ನೋಡುತ್ತಾ ಹೋದರು. ಅಲ್ಲಿ ಬಿದ್ದಾಗ ಇಲ್ಲೂ ಬಿದ್ದಿತ್ತು. ಹೆಚ್ಚುಕಡಿಮೆ ಇತ್ತು, ಆದರೆ ಎರಡು ನೆರೆಮನೆಗಳ ಸಾರಿನ ರುಚಿಯಲ್ಲಿ ಇರುವಷ್ಟೇ. ನಮ್ಮೂರಿಗೆ ಮಳೆ ಕಡಿಮೆಯಾಗಿರಲೇ ಇಲ್ಲ, ಹಿಂದಿನ ವರ್ಷದಷ್ಟೇ ಬಿದ್ದಿತ್ತು.

ಹಾಗಾದರೆ ಬಾವಿಯ ಕಥೆ? ನಾನೇ ಕೇಳಿದೆ. ಮೇಡಂ ಸಮಾಧಾನವಾಗಿ ಬಿಡಿಸಿ ಹೇಳಿದರು. ಮಳೆ ಕಡಿಮೆಯಾದರೂ ನೀರು ಏರಿತು ಎಂಬುದು ಹೋಯಿತು, ಅದು ನಂಬುವಂಥದ್ದೂ ಆಗಿರಲಿಲ್ಲ. ಅಷ್ಟೇ ಮಳೆಗೆ ಹಿಂದಿನ ವರ್ಷ ಶಿವರಾತ್ರಿಗೆ ತಳ ಕಂಡ ಬಾವಿ ಈ ವರ್ಷ ಬೇಸಿಗೆ ದಾಟಿಸಿದೆ. ಇದು ಉಳಿಯಿತು. ಇದು ಸಣ್ಣದು, ಆದರೆ ಖರೇ. ನನಗೆ ಇದೇ ಸಾಕು ಎಂದರು. ಪುಸ್ತಕ ಮುಚ್ಚಿ ಅತ್ತೆಯವರ ಕಡೆ ತಿರುಗಿದರು.

"ಸೋಮವಾರ ಮತ್ತ ಶ್ರಾವಣ ಈಶ್ವರಗ ಬಿಟ್ಟುಬಿಡೂಣ್ರಿ ಅಮ್ಮಾ. ಉಳಿದ ದಿನದ್ದು ನಮಗ ಸಾಕು. ಆದರ ಇನ್ನ ಮುಂದ ಆತಗ ಬ್ಯಾರೆ ಪಾತ್ರಿ ಇಡ್ರಿ."

ಅತ್ತೆಯವರು ತಲೆಯಾಡಿಸಿದರು. ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ, ನೋಡದವಳಂತೆ ಚಹಾ ಮಾಡಲು ಎದ್ದೆ. ಸಕ್ಕರೆ ಡಬ್ಬಿಯ ತಳದಲ್ಲಿ ಬಿಟ್ಟಿದ್ದ ಆ ಒಂದು ಹಿಡಿ ಅವತ್ತು ಉಪಯೋಗಕ್ಕೆ ಬಂತು.

ಸಂಜೆ ನಮ್ಮ ಮನೆಯವರು ಬಂದು ಎಲ್ಲ ಕೇಳಿದವರೇ ಮೊದಲು ನಕ್ಕರು, ಆಮೇಲೆ ತಾಯಿಯ ಹತ್ತಿರ ಹೋಗಿ ಕುಳಿತರು. ಮರುದಿನ ಬ್ಯಾಡಗಿಯಿಂದ ಬಾಯಿ ಅಗಲವಾದ ಒಂದು ತಾಮ್ರದ ಪಾತ್ರೆ ತಂದರು. ಕಾಗೆ ಬಾಯಿ ಹಾಕದಂತೆ ಮೇಲೆ ಜಾಳಿಗೆ ಕಟ್ಟಿ, ಡಬ್ಬಿಯಿಂದ ನಾಲ್ಕು ಹೆಜ್ಜೆ ದೂರ ಕಲ್ಲಿನ ಮೇಲೆ ಇಟ್ಟರು. ವೈನಿ ಬಂದು ನೋಡಿ, ನಮ್ಮೂರಿನ ದೇವರಿಗೂ ಕಚೇರಿಗೂ ಈಗ ಬೇರೆ ಬೇರೆ ಸಂಸಾರ ಎಂದು ಊರೆಲ್ಲ ಹೇಳಿಕೊಂಡು ಬಂದಳು.

ಮೇಲಿನ ಹಳ್ಳದ ಕೆಲಸ ಮಂಜೂರಾದ ಸುದ್ದಿ ಬಂದದ್ದು ಶ್ರಾವಣದಲ್ಲಿ. ಕಚೇರಿಯ ಹುಡುಗಿ ಬಾಗಿಲಲ್ಲೇ ನಿಂತು ಹೇಳಿ ಹೋದಳು. ನಾನು ದೇವರ ಜಗಲಿಯ ಮುಂದೆ ಹೋಗಿ ನಿಂತೆ. ಸುಮ್ಮನೆ ಕೈಮುಗಿದೆ. ಸೊಂಟ ಇನ್ನೂ ನೋಯುತ್ತಿತ್ತು, ನಳದ ನೀರಿನಲ್ಲಿ ಬೇಳೆ ಇನ್ನೂ ಬೇಯುತ್ತಿರಲಿಲ್ಲ. ಆದರೂ ಅವತ್ತು ನಾನು ಬೇಡಿಕೊಳ್ಳಲು ಏನೂ ಉಳಿದಿರಲಿಲ್ಲ.

ಆ ವಾರ ಭಾನುವಾರ ರಾತ್ರಿಯಿಡೀ ಮಳೆ ಬಿದ್ದಿತ್ತು. ಸೋಮವಾರ ಎಂಟೂವರೆಗೆ ಬಾಟಲಿ ಎತ್ತಿದರೆ ಭಾರವಾಗಿತ್ತು. ಸೋಮವಾರದ ಬಾಟಲಿಯ ಭಾರ ನನಗೆ ಇನ್ನೂ ಹೊಸದೇ. ಲೋಟಕ್ಕೆ ಎರಡು ಸಲ ಸುರಿದು ಅಳೆಯಬೇಕಾಯಿತು. ಒಳಗಿನಿಂದ ಅತ್ತೆಯವರು ಎಷ್ಟಾಯಿತು ಎಂದು ಕೇಳಿದರು. ಹೇಳಿದೆ.

"ಈಶ್ವರನ ಪಾತ್ರ್ಯಾಗೂ ಅಷ್ಟ ಬಿದ್ದೈತೇನು, ನೋಡು" ಎಂದರು, ದನಿಯಲ್ಲಿ ನಗುವಿತ್ತು.

ನಾನು ಹೋಗಿ ನೋಡಿದೆ. ಅವರು ಆಗಲೇ ತಮಗೆ ಬೇಕಾದದ್ದು ತೆಗೆದುಕೊಂಡು, ತಳದಲ್ಲಿ ಒಂದೀಟು ಬಿಟ್ಟಿದ್ದರು.